ಎರಡು ಕಡಲಿಗೆ ನೀರು ಕಳಿಸುವ ಬೆಟ್ಟ

ಶಿವಮೊಗ್ಗದಲ್ಲಿ ನಾವು ಕುಡಿಯುವುದು ತುಂಗೆಯ ನೀರು. ಪಕ್ಕದ ಭದ್ರಾವತಿಯವರಿಗೆ ಭದ್ರೆ, ಘಟ್ಟದ ಕೆಳಗಿನ ಮಂಗಳೂರಿನವರಿಗೆ ನೇತ್ರಾವತಿ. ಈ ಮೂರೂ ಹೊಳೆಗಳ ತವರು ಒಂದೇ, ಕುದುರೆಮುಖದ ಬೆಟ್ಟಸಾಲು. ಮಳೆಗಾಲ ಮುಗಿದು ತಿಂಗಳುಗಟ್ಟಲೆ ಆದರೂ ಈ ಹೊಳೆಗಳಲ್ಲಿ ನೀರು ಹರಿಯುತ್ತದಲ್ಲ, ಅದು ಎಲ್ಲಿಂದ ಬರುತ್ತದೆ? ಕಣ್ಣಾರೆ ನೋಡಿ ಬರೋಣವೆಂದು ಮೇ ತಿಂಗಳ ಒಂದು ಬೆಳಗ್ಗೆ ನಾನೂ ನಮ್ಮ ಮನೆಯವರೂ ಕಾರಿನಲ್ಲಿ ಹೊರಟೆವು. ಅವರಿಗೆ ಎಪ್ಪತ್ತು, ನನಗೆ ಅರವತ್ತಾರು. ಬುತ್ತಿಗೆ ಚಪಾತಿ, ಚಟ್ನಿಪುಡಿ, ಒಂದು ಡಬ್ಬ ಮಜ್ಜಿಗೆ.

ತೀರ್ಥಹಳ್ಳಿ, ಕೊಪ್ಪ ದಾಟಿ ಶೃಂಗೇರಿ ಸೇರಿದೆವು. ಅಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳನ್ನು ನೋಡುವುದೇ ಒಂದು ಸುಖ. ಯಾರೂ ಹಿಡಿಯುವಂತಿಲ್ಲವಾದ್ದರಿಂದ ಅವು ಕೊಬ್ಬಿ ಮೊಳದುದ್ದ ಬೆಳೆದಿವೆ. ಶೃಂಗೇರಿಯಿಂದ ಮುಂದೆ ಕೆರೆಕಟ್ಟೆಯ ದಾರಿ ಹಿಡಿದರೆ ಅಡಿಕೆ ತೋಟಗಳು ಹಿಂದೆ ಸರಿದು ದಟ್ಟ ಕಾಡು ಶುರುವಾಗುತ್ತದೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಗಾಡಿಯ ನಂಬರು, ಹೊತ್ತು ಬರೆದ ಚೀಟಿ ಕೊಟ್ಟರು. ದಾರಿಯಲ್ಲಿ ಕಂಡಲ್ಲಿ ನಿಲ್ಲಿಸುವಂತಿಲ್ಲ, ಪ್ಲಾಸ್ಟಿಕ್ ಎಸೆಯುವಂತಿಲ್ಲ.

ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನ. 1987ರಲ್ಲಿ ಘೋಷಣೆಯಾದದ್ದು, ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ಸಿಂಗಳೀಕಗಳನ್ನು ಉಳಿಸಬೇಕೆಂಬುದು ಇದನ್ನು ಉದ್ಯಾನ ಮಾಡಲು ಒಂದು ಮುಖ್ಯ ಕಾರಣ. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದು ಬಿಳಿ ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು. ಪ್ರಪಂಚದಲ್ಲಿ ಈ ಕೋತಿ ಇರುವುದು ನಮ್ಮ ಪಶ್ಚಿಮ ಘಟ್ಟದಲ್ಲಿ ಮಾತ್ರ. ನಮ್ಮ ಅದೃಷ್ಟಕ್ಕೆ ಒಂದು ತಿರುವಿನಲ್ಲಿ ಹೆಬ್ಬಲಸಿನ ಮರದ ತುದಿಯಲ್ಲಿ ಮೂರು ಕಂಡವು. ಹಣ್ಣು ಬಿಡಿಸಿ ತಿನ್ನುತ್ತಾ ನಮ್ಮನ್ನು ಕಣ್ಣೆತ್ತಿಯೂ ನೋಡಲಿಲ್ಲ! ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೆ ಕೊಂಬೆ ತಾಗಿರಬೇಕು, ವರ್ಷವಿಡೀ ಒಂದಲ್ಲ ಒಂದು ಮರದಲ್ಲಿ ಹಣ್ಣಿರಬೇಕು. ಕಾಡು ತುಂಡಾದರೆ ಅದರ ಸಂಸಾರವೂ ತುಂಡಾದಂತೆ.

ಎಸ್.ಕೆ. ಬಾರ್ಡರ್ ಎಂಬ ಕೂಡುದಾರಿಯಲ್ಲಿ ಎಡಕ್ಕೆ ತಿರುಗಿದೆವು. ಸ್ವಲ್ಪ ಹೊತ್ತಿನಲ್ಲೇ ಕಾಡು ಬಿಚ್ಚಿಕೊಂಡು ಬೆಟ್ಟಗಳು ಕಂಡವು. ಬೆಟ್ಟದ ಮೈಯೆಲ್ಲ ಹುಲ್ಲು, ಮರವಿರುವುದು ಬೆಟ್ಟದ ಮಡಿಲುಗಳಲ್ಲಿ ಮಾತ್ರ. ಈ ಮಡಿಲಿನ ಕಾಡಿಗೆ ಶೋಲಾ ಎನ್ನುತ್ತಾರೆ. ನಾನು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ಮಕ್ಕಳೇ, ಒಂದು ಒಣಗಿದ ಸ್ಪಂಜಿನ ಮೇಲೆ ನೀರು ಸುರಿದು ನೋಡಿ. ಅದು ಹೀರಿಕೊಂಡು ಆಮೇಲೆ ತೊಟ್ಟು ತೊಟ್ಟಾಗಿ ಬಿಡುತ್ತದೆ. ಬರೀ ಕಲ್ಲಿನ ಮೇಲೆ ಸುರಿದರೆ ಒಂದೇ ಗಳಿಗೆಯಲ್ಲಿ ಹರಿದುಹೋಗುತ್ತದೆ. ಇಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ. ಹುಲ್ಲಿನ ಬೇರು, ಶೋಲಾ ಕಾಡಿನ ತರಗೆಲೆಯ ಮಣ್ಣು ಆ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲೂ ಸ್ವಲ್ಪ ಸ್ವಲ್ಪವೇ ಕೊಡುತ್ತವೆ. ರಸ್ತೆ ಪಕ್ಕದ ಕದಂಬಿ ಜಲಪಾತ ಮೇ ತಿಂಗಳಲ್ಲೂ ಸಣ್ಣ ಎಳೆಯಾಗಿ ಬೀಳುತ್ತಿತ್ತು.

ಮೂರು ಹೊಳೆಗಳ ಮೂಲವೆಂದು ಹೇಳುವ ಗಂಗಾಮೂಲ ಇದೇ ಬೆಟ್ಟಸಾಲಿನ ಒಳಗಿದೆ. ಇಲಾಖೆಯ ಅನುಮತಿ ಇಲ್ಲದೆ ಅಲ್ಲಿಗೆ ಹೋಗುವಂತಿಲ್ಲವಾದ್ದರಿಂದ ದೂರದಿಂದಲೇ ಕೈಮುಗಿದೆವು. ಅಲ್ಲಿಂದ ನೇತ್ರಾವತಿ ಪಡುವಣಕ್ಕಿಳಿದು ಅರಬ್ಬಿ ಕಡಲು ಸೇರುತ್ತಾಳೆ. ತುಂಗೆ, ಭದ್ರೆಯರು ಬೇರೆ ಬೇರೆ ದಾರಿ ಹಿಡಿದು ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತಾರೆ.

ಮಧ್ಯಾಹ್ನಕ್ಕೆ ಕುದುರೆಮುಖದ ಊರು ತಲುಪಿದೆವು. ಈ ಬೆಟ್ಟದ ಹೊಟ್ಟೆಯಲ್ಲಿ ಕಬ್ಬಿಣದ ಅದಿರಿದೆ. ಅದಕ್ಕಾಗಿ 1976ರಲ್ಲಿ ಕೇಂದ್ರ ಸರ್ಕಾರದ ಕಂಪನಿ ಸ್ಥಾಪನೆಯಾಯಿತು. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, ಉದ್ದನೆಯ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಇಳಿಸುತ್ತಿದ್ದರು. ಉಳಿದ ಹುಡಿಮಣ್ಣನ್ನು ತಡೆಯಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. ಆದರೂ ಮಳೆಗಾಲದಲ್ಲಿ ಅಗೆದ ಗುಡ್ಡದ ಮಣ್ಣು ಭದ್ರೆಗೆ ಸೇರುತ್ತದೆಂದು ಜನ ಹೋರಾಡಿದರು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು.

ಕಳಸದ ಹೋಟೆಲೊಂದರಲ್ಲಿ ಕಾಫಿ ಕುಡಿಯುವಾಗ ಪಕ್ಕದಲ್ಲಿ ಕೂತ ಹಿರಿಯರು ಮಾತಿಗೆ ಸಿಕ್ಕರು. ಗಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರಂತೆ.

"ನನ್ನ ಮಕ್ಕಳು ಓದಿದ್ದು ಅಲ್ಲೇ ಅಮ್ಮ. ಸಂಜೆ ಆದ್ರೆ ಊರು ತುಂಬ ಮಕ್ಕಳ ಗಲಾಟೆ. ಈಗ ಕ್ವಾರ್ಟರ್ಸ್ ಎಲ್ಲ ಖಾಲಿ, ಗೋಡೆ ಮೇಲೆ ಹಾವಸೆ" ಎಂದರು.

"ಗಣಿ ನಿಲ್ಲಬಾರದಿತ್ತು ಅನ್ಸುತ್ತಾ?" ನಮ್ಮವರು ಕೇಳಿದರು.

ಅವರು ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ಕೂತರು. "ಕೆಲಸ ಹೋದಾಗ ಅತ್ತಿದ್ದೇನೆ. ಸುಳ್ಳು ಹೇಳಲ್ಲ. ಆದ್ರೆ ಮೊದಲು ಮಳೆಗಾಲ ಬಂದ್ರೆ ಭದ್ರೆ ಕೆಂಪಗೆ ಬರ್ತಿದ್ಳು. ಈಗ ಆ ಕೆಂಪು ಇಲ್ಲ. ಎರಡೂ ಬೇಕು ಅಂದ್ರೆ ಆಗಲ್ಲ ಅಲ್ವಾ ಸಾರ್?"

ನಮ್ಮ ಬಳಿ ಉತ್ತರವಿರಲಿಲ್ಲ. ನಮ್ಮ ಊರಿನ ಹೊಳೆಗಳು ಉಳಿಯಲು ಇಂಥವರು ತೆತ್ತ ಬೆಲೆ ಎಷ್ಟೆಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಸಂಜೆ ಕಳಸೇಶ್ವರನ ದರ್ಶನ ಮಾಡಿ ಅಲ್ಲೇ ಉಳಿದೆವು.

ನೀವೂ ಹೋಗುವುದಾದರೆ ಕಾರ್ಕಳದಿಂದಲೂ ಶೃಂಗೇರಿಯಿಂದಲೂ ಒಳ್ಳೆಯ ರಸ್ತೆ ಇದೆ. ಬೆಳಕಿರುವಾಗಲೇ ಕಾಡು ದಾಟಿ. ಸುಮಾರು 1,890 ಮೀಟರ್ ಎತ್ತರದ ಶಿಖರಕ್ಕೆ ಚಾರಣ ಹೋಗುವ ಆಸೆಯಿದ್ದರೆ ಮುಂಚೆಯೇ ಅನುಮತಿ ಪಡೆಯಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಚಾರಣ ನಿಲ್ಲಿಸುವುದೂ ಉಂಟು, ವಿಚಾರಿಸಿಕೊಂಡೇ ಹೊರಡಿ. ಒಣಹುಲ್ಲಿಗೆ ಒಂದು ಬೆಂಕಿಕಡ್ಡಿ ಸಾಕು. ಕೋತಿಗಳಿಗೆ ತಿಂಡಿ ಹಾಕಬೇಡಿ, ಕಾಡಿನಲ್ಲಿ ಅವಕ್ಕೆ ಬೇಕಾದ್ದು ಇದೆ. ಅಜ್ಜ ಅಜ್ಜಿಯರೂ ಜೊತೆಗೆ ಹೋಗಬಹುದು. ಕಾರಿನ ಕಿಟಕಿಯಿಂದಲೇ ಕಾಣುವಷ್ಟು ಹತ್ತಿರದಲ್ಲಿವೆ ಆ ಹುಲ್ಲುಬೆಟ್ಟಗಳು.