ವಾಚಿನ ಹೊಳಪು ತೆಗೆಯೋದು

ಮಿರಿಮಿರಿ ಮಿಂಚುವ ಸ್ಟೀಲ್ ವಾಚಿಗೆ ಚೆನ್ನೈನ ಮಣಲಿಯಂಥ ಊರು ಆಗಿಬರೋದಿಲ್ಲ. ರಿಫೈನರಿ, ಗೊಬ್ಬರದ ಕಾರ್ಖಾನೆ, ಬಿಡುವಿಲ್ಲದ ಲಾರಿ. ಗೇಟು, ಕಂಬಿ ಎಲ್ಲಿ ತಾಗಿದರೂ ಕೇಸಿನ ಮೇಲೊಂದು ಗೀರು. ಹೊಳಪನ್ನೇ ತೆಗೆದು ಸಣ್ಣ ಗೆರೆಗಳ ಬ್ರಷ್ ಫಿನಿಶ್ ಕೊಟ್ಟುಬಿಟ್ಟರೆ ಹೊಸ ಗೀರು ಅಷ್ಟಾಗಿ ಕಣ್ಣಿಗೆ ಹೊಡೆಯೋದಿಲ್ಲ.

ಹಾರ್ಡ್‌ವೇರ್ ಅಂಗಡಿಯ ಎಮರಿ ಪೇಪರ್, ಸ್ಕಾಚ್‌ಬ್ರೈಟ್ ಸಾಕು. ಮೊದಲು ಮಷೀನು, ಗಾಜು ಬಿಚ್ಚಿಸಿಡಿ. ಹೊಳಪು ಉಳಿಯಬೇಕಾದ ಅಂಚಿಗೆ ಟೇಪು. 400ರ ಎಮರಿಯನ್ನು ಸಪಾಟಾದ ಮರದ ತುಂಡಿಗೆ ಸುತ್ತಿ, ಪಟ್ಟಿ ಸಿಕ್ಕಿಸುವ ಕಿವಿಯಿಂದ ಕಿವಿಗೆ ಒಂದೇ ದಿಕ್ಕಿನಲ್ಲಿ ಎಳೀಬೇಕು. ಹಿಂದೆಮುಂದೆ ತಿಕ್ಕಿದರೆ ಗೆರೆಗಳ ತುದಿ ಕೊಕ್ಕೆಯಂತೆ ಬಾಗಿ ಅಸಹ್ಯವಾಗುತ್ತೆ. ಕೊನೆಗೆ ಸ್ಕಾಚ್‌ಬ್ರೈಟ್, ಅದೂ ಅದೇ ದಿಕ್ಕಿಗೆ.

ಅಪ್ಪನ ಕಾಲದ ಎಚ್‌ಎಂಟಿಗೆ ಕೈ ಹಾಕುವ ಮುನ್ನ ಮಾತ್ರ ತಡೀರಿ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ಎಷ್ಟೋ ವಾಚುಗಳ ಕೇಸು ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ಬೆನ್ನ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಅಂತಿದ್ದರೆ ಸ್ಟೀಲಿನದು ಆ ಮುಚ್ಚಳ ಅಷ್ಟೇ. ಉಜ್ಜುತ್ತಾ ಹೋದರೆ ಹಳದಿ ಇಣುಕುತ್ತೆ. ಮತ್ತೆ ಲೇಪ ಹಾಕಿಸೋ ಖರ್ಚಿಗೆ ಇನ್ನೊಂದು ಹಳೇ ಎಚ್‌ಎಂಟಿಯೇ ಸಿಕ್ಕೀತು.