ಎರಡು ಮಿಲಿಆಂಪಿಯರ್

ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಬಿಡುವ ಹೊತ್ತು. ಗೇಟಿನಿಂದ ಹೊರಬಂದವರು ಟೀ ಅಂಗಡಿಗೆ ಮುತ್ತಿದ್ದಾರೆ. ಅವರ ನಡುವೆ ನೀವು, ನಿಮ್ಮ ಪಕ್ಕದಲ್ಲಿ ತಮ್ಮ. ಸಿಎನ್‌ಸಿ ಮೆಷಿನ್ ನಡೆಸುವ ಹುಡುಗ; ರಜೆ ಹಾಕಿ ಬಹಳ ದಿನವಾಯಿತು. ಅಂಗಡಿಯವನು ಗುರುತು ಹಿಡಿದು ಕೇಳದೆಯೇ ಗ್ಲಾಸು ಕೊಡುತ್ತಾನೆ. ತಮ್ಮ ಕುಡಿಯುತ್ತಾನೆ.

"ಹೆಂಗೈತೋ?"

"ಬಿಸಿ ಐತೆ ಅಕ್ಕ."

ಶುಂಠಿ ಹಾಕಿದ್ದಾರೆ, ಸಕ್ಕರೆ ಹೆಚ್ಚಾಗಿದೆ ಎಂಬುದೆಲ್ಲ ಅವನ ನಾಲಿಗೆಗೆ ತಿಳಿಯುತ್ತದೆ. ಆದರೆ ತಿಳಿದದ್ದು ಖುಷಿ ಕೊಡುತ್ತಿಲ್ಲ.

ಹೊಸಕೋಟೆಯಲ್ಲಿ ಬಸ್ ಹತ್ತುತ್ತೀರಿ. ಅವನು ಕಿಟಕಿ ಪಕ್ಕ ಕೂತರೂ ಹೊರಗೆ ನೋಡುತ್ತಿಲ್ಲ. ಇವನೇ ಹಿಂದೊಮ್ಮೆ ಮೂರು ರಾತ್ರಿ ಕಣ್ಣು ಮುಚ್ಚದೆ ಓಡಾಡಿದವನು, ಸಾಲ ಮಾಡಿ ಬೈಕ್ ತಂದವನು, ಭಾನುವಾರ ಬೆಳಗಿನ ಜಾವ ಇಡೀ ಶಿಫ್ಟಿಗೆ ಬಿರಿಯಾನಿ ಕೊಡಿಸಿದವನು. ಆಮೇಲೆ ಇಳಿತ ಶುರುವಾಯಿತು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರು ಬೈಪೋಲಾರ್ ಎಂದರು, ಲಿಥಿಯಂ ಬರೆದರು, ಆಗಾಗ ರಕ್ತ ಪರೀಕ್ಷೆ ಮಾಡಿಸಿದರು. ಅಳು ನಿಂತಿತು, ನಿದ್ದೆ ಬಂತು. ಖುಷಿ ಮಾತ್ರ ಬರಲಿಲ್ಲ. ಉಣ್ಣುತ್ತಾನೆ, ಅಳುವುದಿಲ್ಲ, ಇನ್ನೇನು ಕಾಯಿಲೆ ಎಂದು ನೆಂಟರು ಕೇಳುತ್ತಾರೆ. ಸೋಮಾರಿ ಎಂದವರೂ ಇದ್ದಾರೆ. ಮಗ್ಗುಲಲ್ಲಿ ಕೂತು ಅವನ ಮುಖ ನೋಡಿದವರ ಬಾಯಲ್ಲಿ ಆ ಮಾತು ಬರಲಾರದು.

ಕೆ.ಆರ್. ಪುರ, ಟಿನ್ ಫ್ಯಾಕ್ಟರಿ, ಮತ್ತೊಂದು ಬಸ್, ಹೊಸೂರು ರಸ್ತೆ. ನಿಮ್ಹಾನ್ಸ್.

ವೈದ್ಯರ ಮುಂದೆ ಪ್ರಶ್ನೆಗಳ ಹಾಳೆಯಿದೆ. ಖುಷಿಯನ್ನು ಅಳೆಯಲು 1995ರಲ್ಲಿ ರೂಪಿಸಿದ ಈ ಸ್ನೇತ್–ಹ್ಯಾಮಿಲ್ಟನ್ ಮಾಪನದಲ್ಲಿ 14 ಸಂಗತಿಗಳಿವೆ: ಮೆಚ್ಚಿನ ಊಟ, ಬಿಸಿನೀರ ಸ್ನಾನ, ಹೂವಿನ ಪರಿಮಳ, ಎದುರಿನವರ ನಗುಮುಖ, ಹೊಗಳಿಕೆ, ಒಂದು ಲೋಟ ಕಾಫಿ. ಇಷ್ಟು ಸಣ್ಣ ಸಂಗತಿಗಳ ಮೇಲೆ ಮನುಷ್ಯನ ದಿನ ನಿಂತಿದೆ ಎಂದು ನಿಮಗೆ ಮೊದಲ ಸಲ ಹೊಳೆಯುತ್ತದೆ.

"ಬಿರಿಯಾನಿ ಮುಂದಿಟ್ಟರೆ?"

"ತಿಂತೀನಿ ಸಾರ್."

"ರುಚಿ?"

"ಗೊತ್ತಾಯ್ತದೆ."

"ನಾಳೆ ಮತ್ತೆ ಹೋಗೋಣ ಅನ್ಸುತ್ತಾ?"

ತಮ್ಮ ತಲೆಯಾಡಿಸುತ್ತಾನೆ, ಇಲ್ಲವೆಂದು.

ಬೇಕೆನ್ನಿಸುವುದು ಬೇರೆ, ಸಿಕ್ಕಾಗ ಸವಿಯುವುದು ಬೇರೆ ಎನ್ನುತ್ತಾರೆ ವೈದ್ಯರು. ಇದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದ 1954ರಲ್ಲೇ, ದೂರದ ಮಾಂಟ್ರಿಯಲ್‌ನಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಇಲಿಗಳ ಮಿದುಳಿನಾಳಕ್ಕೆ ತಂತಿ ಇಳಿಸಿದ್ದರು. ಸನ್ನೆ ಒತ್ತಿದರೆ ಅಲ್ಲಿ ಚೂರು ವಿದ್ಯುತ್ ಹರಿಯುತ್ತಿತ್ತು. ಇಲಿಗಳು ಮತ್ತೆ ಮತ್ತೆ ಒತ್ತುತ್ತಲೇ ಹೋದವು. ಆ ಜಾಡು ಹಿಡಿದವರಲ್ಲಿ ಜರ್ಮನಿಯ ಶ್ಲೇಪ್ಫರ್ ತಂಡವೂ ಒಂದು. ಯಾವ ಮದ್ದಿಗೂ ಬಗ್ಗದ ಖಿನ್ನತೆಯಿದ್ದ ಮೂವರ ಮಿದುಳಿನ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗಕ್ಕೆ ಅವರು ವಿದ್ಯುತ್ ಹಾಯಿಸಿದ ವರದಿ 2008ರಲ್ಲಿ ಬಂತು. ಕರೆಂಟು ಹರಿದ ಸ್ವಲ್ಪ ಹೊತ್ತಿಗೇ ಒಬ್ಬ ರೋಗಿಗೆ ತಾನಿರುವ ಕಲೋನ್ ಊರಿನ ದೊಡ್ಡ ಚರ್ಚನ್ನು ನೋಡಬೇಕೆನಿಸಿತು. ಮರುದಿನ ಹೋಗಿಯೂ ಬಂದ. ಅವರದು ಬೈಪೋಲಾರ್ ಅಲ್ಲದ ಖಿನ್ನತೆ, ತಲೆಬುರುಡೆಗೆ ರಂಧ್ರ ಕೊರೆಯುವ ಶಸ್ತ್ರಚಿಕಿತ್ಸೆ ಬೇರೆ. ಆದರೂ ಆ "ನೋಡಬೇಕು" ಎಂಬುದು ನಿಮ್ಮ ಎದೆಗೆ ತಾಕುತ್ತದೆ. ತಮ್ಮನ ಬಾಯಿಂದ ಅಂಥದ್ದೊಂದು ಕೇಳಿ ಎಷ್ಟು ಕಾಲವಾಯಿತು!

"ಸಾರ್, ಕರೆಂಟ್ ಕೊಡ್ತೀರಾ ಇವನಿಗೆ?" ನಿಮ್ಮ ದನಿ ನಡುಗುತ್ತದೆ. ಸಿನಿಮಾಗಳಲ್ಲಿ ನೋಡಿದ್ದೀರಿ: ಕೈಕಾಲು ಕಟ್ಟಿದ ಮಂಚ, ಕಿರುಚಾಟ.

ವೈದ್ಯರಿಗೆ ಅವಸರವಿಲ್ಲ. ನೀವು ಸಿನಿಮಾದಲ್ಲಿ ನೋಡಿದ್ದು ಇಸಿಟಿ, 1938ರಲ್ಲಿ ರೋಮ್‌ನಲ್ಲಿ ಶುರುವಾದದ್ದು. ಸುಮಾರು 800 ಮಿಲಿಆಂಪಿಯರ್ ಹಾಯಿಸಿ ಉದ್ದೇಶಪೂರ್ವಕವಾಗಿ ಫಿಟ್ಸ್ ಬರಿಸುತ್ತಾರೆ. ಈಗ ಅರಿವಳಿಕೆ, ಸ್ನಾಯು ಸಡಿಲಿಸುವ ಮದ್ದು ಕೊಡದೆ ಅದನ್ನು ಮಾಡುವಂತಿಲ್ಲ. ಅವಿಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕಟ್ಟುನಿಟ್ಟಾಗಿ ನಿಷೇಧಿಸಿದೆ. ಊಟ ಬಿಟ್ಟು ಸಾವಿಗೆ ಹತ್ತಿರವಾದವರನ್ನು ಇಸಿಟಿ ಎಬ್ಬಿಸಿ ಕೂರಿಸಿದ್ದಿದೆ. ತಮ್ಮನಿಗೆ ಕೊಡುವುದು ಅದಲ್ಲ. ಇದು ಟಿಡಿಸಿಎಸ್, ತಲೆಯ ಹೊರಗಿನಿಂದಲೇ ಸಣ್ಣ ಕರೆಂಟು ಹಾಯಿಸುವ ಚಿಕಿತ್ಸೆ. ಬರೀ 2 ಮಿಲಿಆಂಪಿಯರ್. ಫಿಟ್ಸ್ ಇಲ್ಲ, ಅರಿವಳಿಕೆ ಇಲ್ಲ. ಇಲ್ಲದ ದನಿಗಳು ಕೇಳುವ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಇದನ್ನು ಕೊಟ್ಟು ಅಧ್ಯಯನ ಮಾಡುತ್ತ ನಿಮ್ಹಾನ್ಸ್‌ನ ಜಿ. ವೆಂಕಟಸುಬ್ರಮಣಿಯನ್ ಅವರ ತಂಡ ಒಂದು ದಶಕವನ್ನೇ ದಾಟಿದೆ.

ತಮ್ಮ ಕುರ್ಚಿಯಲ್ಲಿ ಕೂರುತ್ತಾನೆ. ಉಪ್ಪುನೀರಲ್ಲಿ ನೆನೆದ ಎರಡು ಸ್ಪಂಜು, ಅವುಗಳೊಳಗೆ ರಬ್ಬರ್ ಪಟ್ಟಿ, ತಲೆಗೊಂದು ಬಿಗಿ ಬೆಲ್ಟು. ಒಂದು ಸ್ಪಂಜು ಹಣೆಯ ಎಡಕ್ಕೆ, ಕೂದಲ ಅಂಚಿನ ಹತ್ತಿರ, ಇನ್ನೊಂದು ಬಲಕ್ಕೆ. ನೀರಿನ ಹನಿಯೊಂದು ಕೆನ್ನೆಗಿಳಿಯುತ್ತದೆ, ನೀವು ಸೆರಗಿನಿಂದ ಒರೆಸುತ್ತೀರಿ. ಗುಂಡಿ ಒತ್ತಿದಾಗ ಕರೆಂಟು ಒಮ್ಮೆಲೇ ಏರುವುದಿಲ್ಲ, ಮೆಲ್ಲಗೆ ಏರುತ್ತದೆ.

"ಏನಾಯ್ತದೋ?"

"ಇರುವೆ ಹರ್ದಂಗೆ. ಕಡೀತದೆ ಅಷ್ಟೇ."

ಇಷ್ಟು ಸಣ್ಣ ಕರೆಂಟು ಮಿದುಳಿನ ಆಳವನ್ನು ನೇರವಾಗಿ ಮುಟ್ಟದು. ಹಣೆಯ ಹಿಂದಿನ ಜೀವಕೋಶಗಳನ್ನು ಸ್ವಲ್ಪ ಎಚ್ಚರದ ಕಡೆಗೆ ತಳ್ಳುತ್ತದೆ; ಅಲ್ಲಿಂದ ಖುಷಿಯ ಜಾಲದವರೆಗೆ ನರಗಳ ನಂಟಿದೆ. ಬ್ರೆಜಿಲ್‌ನಲ್ಲಿ 59 ಮಂದಿ ಬೈಪೋಲಾರ್ ಖಿನ್ನರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಿಜವಾದ ಕರೆಂಟು ಪಡೆದವರಲ್ಲಿ 67.6%, ಹುಸಿ ಕರೆಂಟು ಪಡೆದವರಲ್ಲಿ 30.4% ಮಂದಿ ಚೇತರಿಕೆ ತೋರಿದರು. ಅದು ಒಟ್ಟು ಖಿನ್ನತೆಯ ಲೆಕ್ಕ. ಖುಷಿಯೊಂದೇ ಎಷ್ಟು ಮರಳುತ್ತದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ, ಭರವಸೆ ಕೊಡಲಾರೆ ಎಂದು ವೈದ್ಯರು ನೇರವಾಗಿಯೇ ಹೇಳುತ್ತಾರೆ. ಆ ನೇರ ಮಾತಿನಿಂದಲೇ ನಿಮಗೆ ಧೈರ್ಯ ಬರುತ್ತದೆ.

ಮೂವತ್ತು ನಿಮಿಷ ಮುಗಿಯುತ್ತದೆ. ತಮ್ಮ ನಗುವುದಿಲ್ಲ, ಇವತ್ತೇ ನಗಲಿ ಎಂದು ಯಾರೂ ಕಾಯುತ್ತಿರಲಿಲ್ಲ. ಹಣೆ ಕೆಂಪಾಗಿದೆ. ವೈದ್ಯರು ನಿಮಗೊಂದು ಕೆಲಸ ಒಪ್ಪಿಸುತ್ತಾರೆ. ಲಿಥಿಯಂ ತಪ್ಪಿಸಬೇಡಿ, ದಿನವೂ ಎಷ್ಟು ನಿದ್ದೆ ಎಂದು ಬರೆದಿಡಿ. ನಿದ್ದೆಗೆಟ್ಟೂ ಚುರುಕಾಗಿದ್ದರೆ, ಮಾತು, ಖರ್ಚು ಏರಿದರೆ ತಕ್ಷಣ ಬನ್ನಿ. ಕುಗ್ಗಿದವರನ್ನು ಎತ್ತುವ ಯಾವ ಚಿಕಿತ್ಸೆಯೂ ಬೈಪೋಲಾರ್‌ನಲ್ಲಿ ಅತಿ ಮೇಲಕ್ಕೆ ಎತ್ತಿಬಿಡಬಹುದು. ನಡುರಾತ್ರಿ ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಇದೆ, 14416.

ಒಟ್ಟು ಹತ್ತು ದಿನ ಬರಬೇಕು. ಪಿಲ್ಲಗುಂಪೆಯಿಂದ ಇಲ್ಲಿಗೆ, ಇಲ್ಲಿಂದ ಪಿಲ್ಲಗುಂಪೆಗೆ. ಅಂಗೈಯಗಲದ, ಬ್ಯಾಟರಿಯಲ್ಲೂ ನಡೆಯುವ ಪೆಟ್ಟಿಗೆಯಿದು; ತರಬೇತಾದ ಒಬ್ಬ ನರ್ಸ್ ಇದ್ದರೆ ಹೊಸಕೋಟೆಯ ಆಸ್ಪತ್ರೆಯಲ್ಲೇ ಇದು ನಡೆಯಬೇಕು. ಸಂಬಳ ಕಳೆದುಕೊಂಡು ಮೂರು ತಾಲ್ಲೂಕು ದಾಟಿ ಬರುವವರಿಗಾಗಿ ಇದನ್ನು ಕೇಳಲೇಬೇಕು.

ಗೇಟಿನ ಹೊರಗೆ ನಿಂತು ನೀವು ಫ್ಯಾಕ್ಟರಿಯ ಸೂಪರ್‌ವೈಸರ್‌ಗೆ ಫೋನ್ ಮಾಡುತ್ತೀರಿ. ಇಷ್ಟು ದಿನ ಹೊಟ್ಟೆನೋವು, ಜ್ವರ ಎಂದಿದ್ದೀರಿ. ಈ ಸಲ ಹೇಳಿಯೇಬಿಡುತ್ತೀರಿ: "ನಿಮ್ಹಾನ್ಸ್‌ಗೆ ಕರ್ಕೊಂಡ್ ಬರ್ತಾ ಇದ್ದೀನಿ ಸಾರ್. ಇನ್ನೂ ಹತ್ತು ದಿನ ರಜೆ ಬೇಕು."

"ಹತ್ತಲ್ಲ ಅಕ್ಕ, ಒಂಬತ್ತು," ಎನ್ನುತ್ತಾನೆ ತಮ್ಮ. "ಇವತ್ತಿಂದು ಆಯ್ತಲ್ಲ."