ತೊಟ್ಟಿಲ ಕೊಂಡಿ

ಕಳೆದ ಶ್ರಾವಣಮಾಸದಲ್ಲಿ ನಮ್ಮ ಅಕ್ಕನ ಮಗನು ಧಾರವಾಡದ ಹಳೆಯ ಓಣಿಯೊಂದರಲ್ಲಿ ಮನೆಯನ್ನು ಕೊಂಡನು. ಗೃಹಪ್ರವೇಶಕ್ಕೆ ಮುಂಚೆ ಹಿರಿಯರು ಒಮ್ಮೆ ನೋಡಿ ಹೋಗಬೇಕೆಂಬುದು ಅವನ ಆಗ್ರಹ. ನಾನು, ನನ್ನ ಧರ್ಮಪತ್ನಿ, ಮಗ, ಸೊಸೆ, ಎಂಟು ವರುಷದ ಮೊಮ್ಮಗ ಎಲ್ಲರೂ ಕೂಡಿ ಹೋದೆವು. ಅಕ್ಕ ನಮಗಿಂತ ಮೊದಲೇ ಬಂದು, ಹೊಸ್ತಿಲು ತೊಳೆದು, ವಿಭೂತಿ ಹಚ್ಚಿ ನಮ್ಮ ದಾರಿ ಕಾಯುತ್ತಿದ್ದಳು.

ಮನೆ ದೊಡ್ಡದಲ್ಲ, ಆದರೆ ಗಟ್ಟಿಯಾದುದು. ಮೊಳಕ್ಕೂ ಮಿಕ್ಕಿದ ದಪ್ಪದ ಗೋಡೆಗಳು, ಸಾಗವಾನಿಯ ಕಂಬಗಳು, ಪಡಸಾಲೆಯ ಮೇಲೆ ಹಂಚಿನ ಹೊದಿಕೆ. ರಿಪೇರಿಗೆಂದು ಇಳಿಸಿದ ಹಂಚೊಂದನ್ನು ಮೊಮ್ಮಗನು ಎತ್ತಿ ತಂದನು. ಅದರ ಮೇಲೆ ಬಾಸೆಲ್ ಮಿಶನ್ನಿನ ಹೆಸರೂ 1865 ಎಂಬ ಅಂಕಿಯೂ ಅಚ್ಚಾಗಿದ್ದವು.

“ಅಜ್ಜಾ, ಈ ಮನಿಗೆ ನೂರಾ ಅರವತ್ತು ವರ್ಷ ಆತಲ್ಲ!” ಎಂದು ಅವನು ಹಿಗ್ಗಿದನು. ಅದು ಮನೆ ಕಟ್ಟಿದ ವರುಷವಲ್ಲ, ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದ ವರುಷ, ಎಂದು ತಿಳಿಸಿ ಹೇಳಿದೆನು. ಹುಡುಗನಿಗೆ ಕೊಂಚ ನಿರಾಸೆಯಾಯಿತು. ಹಿತ್ತಲಿನಲ್ಲಿ ಜೋಳ ತುಂಬಿಡುವ ಹಗೇವನ್ನು ಕಂಡ ಮೇಲೆ ಆ ನಿರಾಸೆ ಮರೆಯಿತು. ಹಗೇವಿನೊಳಗೆ ಇಳಿಯುವ ಮುನ್ನ ಹಿರಿಯರು ಹಗ್ಗಕ್ಕೆ ದೀಪ ಕಟ್ಟಿ ಬಿಡುತ್ತಿದ್ದರು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆಯೆಂದು ತಿಳಿದು ಇಳಿಯುತ್ತಿರಲಿಲ್ಲ. ಇದನ್ನು ವಿವರಿಸುತ್ತ ನಾನು ಪಂಡಿತನ ಗತ್ತಿನಲ್ಲಿಯೇ ಒಳಗೆ ಬಂದೆನು. ಆ ಗತ್ತು ಬಹಳ ಹೊತ್ತು ಉಳಿಯಲಿಲ್ಲ.

ನಡುಮನೆಯ ತೊಲೆಗೆ ಎರಡು ಕಬ್ಬಿಣದ ಕೊಂಡಿಗಳಿದ್ದವು. ಅವುಗಳ ಸುತ್ತ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದ್ದರು.

“ಇವು ಕೆಲಸಕ್ಕ ಬರೂದಿಲ್ರಿ ಮಾಮಾ. ನಾಳೆ ಕೊಯ್ಸಿ ಬಣ್ಣ ಹಚ್ಚಸ್ತೇನಿ” ಎಂದನು ಅಳಿಯ.

ಅಕ್ಕ ಕೊಂಡಿಗಳ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು. “ತೊಟ್ಟಿಲದ ಕೊಂಡಿ ಇವು. ನಮ್ಮ ಮನ್ಯಾಗೂ ಹಿಂಗ ಇದ್ದವು, ತಮ್ಮಾ. ನಿನ್ನ ತೊಟ್ಟಿಲಾ ನಾನ ತೂಗತಿದ್ದೆ. ಈಗ ಅದಾವೋ ಇಲ್ಲೋ” ಎಂದಳು.

ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಆದರೂ ನನಗೆ ಉತ್ತರ ತೋಚಲಿಲ್ಲ.

ಊರಿನ ನಮ್ಮ ಮನೆಯನ್ನು 2007ರಲ್ಲಿ ಮಾರಿದವನು ನಾನು. ಹತ್ತನೆಯ ವಯಸ್ಸಿಗೇ ಮಠದ ಪ್ರಸಾದನಿಲಯ ಸೇರಿದ ನನಗೆ ಅನ್ನ, ಅಕ್ಷರ, ಆಸರೆ ಎಲ್ಲವೂ ಮಠದಿಂದಲೇ ದೊರೆತವು. ತಂದೆತಾಯಿಗಳು ಲಿಂಗೈಕ್ಯರಾದ ಮೇಲೆ ಊರಿನ ಮನೆ ಬೀಗ ಹಾಕಿದ ನಾಲ್ಕು ಗೋಡೆಗಳಾಗಿ ಮಾತ್ರ ಕಂಡಿತು. ಮನೆಯ ಮೋಹ ಸಲ್ಲದೆಂದು ನನಗೆ ನಾನೇ ಪ್ರವಚನ ಹೇಳಿಕೊಂಡೆನು. 2005ರ ಕಾಯಿದೆಯ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಹಕ್ಕು ಬಂದಿದ್ದಿತು. ಆದಕಾರಣ ಅಕ್ಕನಿಂದ ಹಕ್ಕುಬಿಡುಗಡೆ ಪತ್ರ ಬೇಕಾಯಿತು. ಅವಳು ಉಪನೋಂದಣಿ ಕಚೇರಿಗೆ ಬಂದಳು, ತೋರಿಸಿದಲ್ಲಿ ಸಹಿ ಮಾಡಿದಳು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಒಂದು ಪೈಸೆಯನ್ನೂ ಅವಳು ಕೇಳಲಿಲ್ಲ, ನಾನೂ ಕೊಡಲಿಲ್ಲ. ನಾನು ಸಹಿ ಕೇಳಿದ್ದೆನೇ ಹೊರತು ಮನೆ ಮಾರಲೇ ಎಂದು ಕೇಳಿರಲಿಲ್ಲ.

ಅದನ್ನು ನಾನು ಇಷ್ಟು ಕಾಲ ವೈರಾಗ್ಯವೆಂದು ಭಾವಿಸಿದ್ದೆನು. ಮೋಹವೇ ಇಲ್ಲದವನು ಮೋಹವನ್ನು ಬಿಟ್ಟರೆ ಅದೆಂಥ ಸಾಧನೆ? ಆ ಮನೆಯನ್ನು ಸಾರಿಸಿ, ನೀರು ಹೊತ್ತು, ತಮ್ಮನನ್ನು ತೂಗಿ ಬೆಳೆದವಳು ಅಕ್ಕ. ನಾನು ಬಿಟ್ಟುಕೊಟ್ಟದ್ದು ಅವಳದನ್ನು.

ಅಕ್ಕ ಅಷ್ಟರಲ್ಲಿ ಮಗನ ಕಡೆಗೆ ತಿರುಗಿದ್ದಳು. “ಈ ಮನಿ ಮಾರಿದವರಿಗೆ ಅಕ್ಕ ತಂಗಿ ಇದ್ದಾರೇನು?”

ಮೂವರು ಅಣ್ಣತಮ್ಮಂದಿರು, ಒಬ್ಬಳೇ ತಂಗಿ. ಇದೇ ಊರಿಗೆ ಕೊಟ್ಟಿದ್ದಾರೆ. ಖರೀದಿ ಪತ್ರದ ದಿನ ಅವಳೂ ಸಹಿಗೆ ಬಂದಿದ್ದಳು, ಎಂದು ಅಳಿಯ ಹೇಳಿದನು.

“ಹಂಗಾದ್ರ ಆಕೀನ್ನ ಕರಸು. ಗೃಹಪ್ರವೇಶದ ದಿನ ಉಡಿ ತುಂಬತೇನಿ. ಕೊಂಡಿ ಮುಟ್ಟಬ್ಯಾಡ.”

ಗೃಹಪ್ರವೇಶದಂದು ಜಂಗಮರ ಪಾದಪೂಜೆಯಾಗಿ ಎಲ್ಲರೂ ಪ್ರಸಾದಕ್ಕೆ ಕೂಡುವ ಮೊದಲು ಆ ತಾಯಿ ಬಂದರು. ಐವತ್ತು ದಾಟಿದವರು. ಬಾಗಿಲಲ್ಲಿಯೇ ಸಂಕೋಚದಿಂದ ನಿಂತವರನ್ನು ಅಕ್ಕ ಕೈಹಿಡಿದು ಒಳಗೆ ಕರೆತಂದು, ಕೊಂಡಿಗಳ ಕೆಳಗೆ ಮಣೆ ಹಾಕಿ ಕೂಡ್ರಿಸಿದಳು. ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿಬಟ್ಟಲು, ಉತ್ತತ್ತಿ, ಅರಿಷಿಣಬೇರು ಇಟ್ಟು ಉಡಿ ತುಂಬಿದಳು. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೇಲೆ ನೋಡಿ, “ಕೊಂಡಿ ಹಂಗ ಇಟ್ಟೀರಲ್ರೀ, ಅವ್ವಾರ” ಎಂದರು. ಬೇರೆ ಮಾತಾಡಲಿಲ್ಲ.

ಈ ದೀಪಾವಳಿಗೆ ಅಕ್ಕನ ಪಾಲಿನ ಹಣವನ್ನು ಅವಳಿಗೆ ಮುಟ್ಟಿಸಿದೆನು. ಮೊದಲು ಬೇಡವೆಂದಳು, ನನ್ನ ಮುಖ ನೋಡಿ ಕೈಚಾಚಿದಳು. ಮನೆಯನ್ನಂತೂ ನಾನು ಮರಳಿಸಲಾರೆ.

ಕೊಳ್ಳುವ ಬಂಧುಗಳು ಉತಾರವನ್ನೂ ಋಣಭಾರ ಪತ್ರವನ್ನೂ ತಪ್ಪದೆ ಪರೀಕ್ಷಿಸುತ್ತಾರೆ, ಅದು ಯುಕ್ತವೇ. ಆ ಕಾಗದಗಳಲ್ಲಿ ಕಾಣದ ಋಣವೂ ಮನೆಗೆ ಉಂಟು. ಅದನ್ನು ಅಕ್ಕ ಒಂದು ಉಡಿಯಲ್ಲಿ ಸಲ್ಲಿಸಿದಳು. ಮಾರುವ ಬಂಧುಗಳಲ್ಲಿ ನನ್ನದೊಂದು ವಿನಂತಿ: ಮೊದಲು ಮನೆಮಗಳನ್ನು ಕರೆಯಿರಿ, ಅವಳ ಮನಸ್ಸನ್ನು ಕೇಳಿರಿ, ಅವಳ ಪಾಲು ಅವಳಿಗೆ ಕೊಡಿರಿ, ಆ ಮನೆಯಲ್ಲಿಯೇ ಕೊನೆಯದೊಂದು ಉಡಿ ತುಂಬಿರಿ. ಸಹಿಯ ಮಾತು ಆಮೇಲೆ.